ಸೊಸೆಗೆ ಕಳಿಸಿದ ಆಲ್ಬಮ್

ಅವ್ವನಿಗೆ ಹುಷಾರಿಲ್ಲವೆಂದು ಹೆಂಡತಿಗೆ ಹೇಳಿ ಮಗ ಕೆನಡಾದಿಂದ ಬಂದಿದ್ದ. ಅವ್ವ ಗುಂಡುಕಲ್ಲಿನಂತಿದ್ದಳು. ಆ ಸುಳ್ಳು ಕಿವಿಗೆ ಬಿದ್ದರೂ ತುಟಿ ಬಿಚ್ಚಲಿಲ್ಲ. ಎತ್ತು ಕೊಳ್ಳಲು ಹೋದ ಇವನಪ್ಪ ಸವತಿಯನ್ನು ಕರೆತಂದ ದಿನವೂ ಅವಳು ಹೀಗೇ ಸುಮ್ಮನಿದ್ದವಳು.

ಮಗ ಕೆನಡಾ ಬಿಟ್ಟು ಬಂದದ್ದರಿಂದ, ಗಂಡ ತನ್ನ ಜೊತೆಗೇ ಇದ್ದಾನೆ, ಅವನಿಗೆ ಇಲ್ಲೇ ನೆಲೆಸಲು ಅನುಮತಿ ಕೊಡಿ ಎಂದು ಸೊಸೆ ಅಲ್ಲಿ ಹಾಕಿದ್ದ ಅರ್ಜಿ ಬಿದ್ದುಹೋಯಿತು. ಈಗ ಹೊರಗಿರುವ ಗಂಡನನ್ನು ಕರೆಸಿಕೊಳ್ಳಲು ಅವಳೇ ಹೊಸ ಅರ್ಜಿ ಹಾಕಬೇಕು.

ಪಟ್ಟಣದಲ್ಲಿ ಉಳಿದುಕೊಂಡಿದ್ದ ಮಗ ಊರಿಗೆ ಫೋನ್ ಮಾಡಿದ. "ಮದ್ವೆ ಫೋಟೋ ಬೇಕಂತೆ ಕಣವ್ವ. ನಿನ್ ಟ್ರಂಕಲ್ಲಿರೋ ನಮ್ಮ ಆಲ್ಬಮ್ನ ಅವ್ಳಿಗೆ ಕೊರಿಯರ್ ಮಾಡ್ಸು. ಇಲ್ದಿದ್ರೆ ನಾನು ಇಲ್ಲೇ ಕೊಳೀಬೇಕು."

ಹತ್ತು ದಿನ ಬಿಟ್ಟು ಮತ್ತೆ ಕೇಳಿದ. "ಕಳ್ಸಿದ್ಯೇನವ್ವಾ?"

"ತಲುಪ್ತಂತೆ ಕಣ್ಲಾ."

"ತಾಳಿ ಕಟ್ಟೋ ಫೋಟೋ ಐತೆ ತಾನೆ?"

"ಐತೆ. ಧಾರೆ ಎರೆಯೋದೂ ಐತೆ. ನಿನ್ ತಲೇಲಿ ಬಿಳಿ ಕೂದ್ಲು ಎದ್ ಕಾಣ್ತದೆ."

"ಬಿಳಿ ಕೂದ್ಲಾ? ನಮ್ ಮದ್ವೇಲಿ ನಂಗೆಲ್ಲಿತ್ತವ್ವಾ?"

"ಆ ಮದ್ವೇಲಿ ಇರ್ಲಿಲ್ಲ. ಹೋದ್ ತಿಂಗ್ಳು ಗುಟ್ಟಾಗಿ ಇನ್ನೊಬ್ಳಿಗೆ ತಾಳಿ ಕಟ್ಟಿ, ಆ ಆಲ್ಬಮ್ನ ನನ್ ಟ್ರಂಕಿನ ತಳಕ್ಕೆ ತುರುಕಿದ್ಯಲ್ಲ ಮಗಾ, ಅದ್ರಲ್ಲಿ ಐತೆ."