ಜಗಳಕ್ಕೆ ಹೊರಡುವ ಕಾರು

ಆಗ ಕಾರುಗಳು ಮನೆಮಂದಿಯ ಮಾತು ಕೇಳಿಯೇ ಚಾಲೂ ಆಗುತ್ತಿದ್ದವು. ಯಾವ ಮಾತಿಗೆ ರೂಢಿಯಾಗಿದೆಯೋ ಅದೇ ಬೇಕು. ಎದುರುಮನೆಯ ಕಾರಿಗೆ ಭಜನೆ ಸಾಕಿತ್ತು. ರೇವತಿಯ ಕಾರು ಮಾತ್ರ ಅವಳ ಗಂಡ ಶಿವಯೋಗಿ ತೀರಿಕೊಂಡಾಗಿನಿಂದ ಅಲುಗಾಡಿರಲಿಲ್ಲ. ಇವತ್ತು ಅತ್ತೆ ಬಸಲಿಂಗವ್ವನ ಕಣ್ಣಿನ ಆಪರೇಷನ್ನು. ತಡವಾದರೆ ಮತ್ತೆ ಪಾಳಿ ಯಾವಾಗ ಸಿಗುವುದೋ.

ರೇವತಿ ಭಜನೆ ಹಾಡಿದಳು, ಕೈಮುಗಿದು ಬೇಡಿಕೊಂಡಳು. ಕಾರು ಕೆಮ್ಮಲೂ ಇಲ್ಲ.

“ಅಂವಾ ಏನಂತಿದ್ದ ಇದಕ್ಕ?” ಪಕ್ಕದಲ್ಲಿ ಕುಳಿತಿದ್ದ ಅತ್ತೆ ಕೇಳಿದಳು.

“ಇದಕ್ಕೇನೂ ಅಂತಿರಲಿಲ್ರೀ ಅತ್ತಿ. ಹತ್ತಿದ ಕೂಡ್ಲೆ ನಾವಿಬ್ರೂ ಜಗಳಾ ಆಡ್ತಿದ್ವಿ.”

ಶಿವಯೋಗಿ ಹೋದ ಮೇಲೆ ಆ ಮನೆಯಲ್ಲಿ ಯಾರೂ ದನಿ ಏರಿಸಿರಲಿಲ್ಲ. ಸೊಸೆ ಚಹಾಕ್ಕೆ ಸಕ್ಕರೆ ಮರೆತರೆ, ಅತ್ತೆ ಚಲೋ ಆಗಿದೆ ಎನ್ನುತ್ತಲೇ ಕುಡಿದುಬಿಡುತ್ತಿದ್ದಳು.

ಬಸಲಿಂಗವ್ವ ಗಂಟಲು ಸರಿಮಾಡಿಕೊಂಡಳು. “ನಿನ್ನ ಸಾರಿಗೆ ಉಪ್ಪಿಲ್ಲ, ಹುಳಿಯಿಲ್ಲ. ನನ್ನ ಮಗಾ ಅದ್ಹೆಂಗ ಉಂಡ್ನೋ!”

ಎಂಜಿನ್ನು ಗುರ್ರೆಂದಿತು.

“ನಿಮ್ಮ ಮಗಾ ತಾಟು ನೆಕ್ಕಿ ಉಣ್ತಿದ್ರು! ನಿಮ್ಮ ಮುಂದ ಹೇಳಾಕ ಅಂಜ್ತಿದ್ರು, ಅಷ್ಟ!”

ಕಾರು ಜಿಗಿದು ರಸ್ತೆಗಿಳಿಯಿತು. ಸೇತುವೆಯ ಮೇಲೆ ರೇವತಿ ಬೈಯುವುದನ್ನು ಬಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾರೂ ನಿಧಾನವಾಯಿತು.

“ಅಳೂದು ಆಮ್ಯಾಲ ಅಳೂಣಂತ,” ಎಂದು ಅತ್ತೆ ಅವಳ ತೊಡೆ ತಟ್ಟಿದಳು. “ಈಗ ಬೈಯವಾ. ನನಗ ಬೈದು ಮುಗಿದ್ರ, ಬಿಟ್ಟು ಹೋದ ಅವನಿಗೂ ಬೈ.”

ರೇವತಿ ಶುರುಮಾಡಿದಳು. ಕಣ್ಣಿನ ಆಸ್ಪತ್ರೆಯ ಗೇಟು ಬಂದು, ಹಿಂದೆ ಸರಿದು ಹೋಯಿತು; ಅವಳ ಬೈಗುಳ ಇನ್ನೂ ಮುಗಿದಿರಲಿಲ್ಲ.