ಚೌಡಮ್ಮನ ಕಲ್ಲು

“ಏಯ್ ಚಿನ್ನಮ್ಮ, ಕೈ ತೆಗಿ! ನಿಮ್ಮಂಥೋರು ಮುಟ್ಟೋ ದೇವರಲ್ಲ ಅದು!” ಹರಿಪ್ರಸಾದ ತನ್ನ ಹಿತ್ತಲಿನಿಂದ ಅಬ್ಬರಿಸಿದ. ಚಿನ್ನಮ್ಮ ಕೈ ತೆಗೆಯಲಿಲ್ಲ. ಎರಡು ಮನೆಗಳ ನಡುವಿನ ಆ ಗೇಣೆತ್ತರದ ಕಲ್ಲಿನ ಮೇಲೆ ಇನ್ನೊಂದು ಚೆಂಬು ನೀರು ಸುರಿದು, ಪಾತ್ರೆ ತಿಕ್ಕುವ ತೆಂಗಿನ ನಾರಿನಿಂದ ಉಜ್ಜತೊಡಗಿದಳು.

ಚೌಡಮ್ಮನಿಗೆ ಮೈಲಿಗೆ ಆಗಬಾರದೆಂದು ಹರಿಪ್ರಸಾದ ಕಲ್ಲಿನಿಂದ ಮೂರಡಿ ಆಚೆಗೆ, ಚಿನ್ನಮ್ಮನ ಹಿತ್ತಲೊಳಗೇ ಬೇಲಿಯ ಕಂಬಗಳನ್ನು ನೆಡಿಸಿದ್ದ. ತಂತಿ ಬಿಗಿದರೆ ಅವಳ ಬಚ್ಚಲ ಬಾಗಿಲು ತೆರೆಯುವಂತಿರಲಿಲ್ಲ. ಅವಳು ಅರ್ಜಿ ಕೊಟ್ಟು ಕರೆಸಿದ್ದ ಸರ್ವೆಯರ್ ವಿನೋಬನಗರದ ಆ ಬೀದಿಯಲ್ಲಿ ಬೆಳಗಿನಿಂದ ಗಡಿಕಲ್ಲು ಹುಡುಕಿ ಸೋತು ನಿಂತಿದ್ದ.

“ನೋಡ್ತಾ ನಿಂತಿದೀರಲ್ಲ ಸಾರ್, ಹೇಳಿ ಅವಳಿಗೆ! ಇಪ್ಪತ್ತು ವರ್ಷದಿಂದ ಪೂಜೆ ಮಾಡ್ತಿದೀವಿ,” ಎಂದಳು ಹರಿಪ್ರಸಾದನ ಹೆಂಡತಿ ಪುಷ್ಪಾ, ಕುಂಕುಮದ ಬಟ್ಟಲು ಹಿಡಿದು.

“ಇಪ್ಪತ್ತು ವರ್ಷದಲ್ಲಿ ಒಂದ್ಸಲಾನೂ ದೇವಿಗೆ ಮುಖ ತೊಳೆಸ್ಲಿಲ್ವಾ ಅಮ್ಮಾವ್ರೇ?” ಎಂದಳು ಚಿನ್ನಮ್ಮ, ಉಜ್ಜುವುದನ್ನು ನಿಲ್ಲಿಸದೆ.

ಬೆರಳು ದಪ್ಪ ಕಟ್ಟಿದ್ದ ಅರಿಶಿನ ಕುಂಕುಮ ಕಳಚಿ, ಕೆಂಪು ನೀರಾಗಿ ಅವಳ ಕಾಲಡಿಯಲ್ಲಿ ಹರಿಯಿತು. ಕಲ್ಲಿನ ನೆತ್ತಿಯ ಮೇಲೆ ಉಳಿಯಿಂದ ಕೆತ್ತಿದ ಒಂದು ಅಡ್ಡಗೀಟು, ಒಂದು ಉದ್ದಗೀಟು ಕಂಡವು. ಸರ್ವೆಯರ್ ಬಗ್ಗಿ ನೋಡಿದ. “ಅಯ್ಯೋ, ಇದೇ ರೀ ಗಡಿಕಲ್ಲು! ನೀವು ಸರ್ಕಾರದ ಕಲ್ಲಿಗೆ ಪೂಜೆ ಮಾಡ್ತಿದ್ರಾ?”

ಹರಿಪ್ರಸಾದ ಹೆಂಡತಿಯ ಬಟ್ಟಲಿಂದ ಹಿಡಿ ಕುಂಕುಮ ಬಾಚಿಕೊಂಡು, ಆ ಗುರುತನ್ನು ಮುಚ್ಚಲು ನುಗ್ಗಿ ಬಂದ. ಚಿನ್ನಮ್ಮ ಒದ್ದೆ ಕೈಯಲ್ಲೇ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು.

“ಮೊದಲು ಕಂಬ ಕೀಳ್ಸಿ ಸ್ವಾಮಿ. ಆಮೇಲೆ ಕೈ ಬಿಡ್ತೀನಿ.”