ಅಳತೆ ತೆಗೆಯಲು ಬಂದವನು

ಬೆಳಗಾವಿಯ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ಸಿನ ಮುಂದೆ ಕೂತಿದ್ದ ಸುಗಂಧಾಳ ಬಳಿಗೆ ಕೃತಕ ಕೈ ಮಾರುವ ಕಂಪನಿಯವನು ಬಂದು ನಮಸ್ಕರಿಸಿದ.

"ಅಕ್ಕಾರ, ಬಲಗೈ ಚಾಚ್ರಿ. ಅಳತಿ ತಗೋಬೇಕು."

ಸುಗಂಧಾ ಕೈ ಹಿಂದಕ್ಕೆಳೆದುಕೊಂಡಳು. ಯಂತ್ರಗಳು ತಮ್ಮ ಸವೆತ, ಅದುರುವಿಕೆಯನ್ನೆಲ್ಲ ತಾವೇ ತಮ್ಮನ್ನು ತಯಾರಿಸಿದ ಕಂಪನಿಗೆ ವರದಿ ಮಾಡುತ್ತಿದ್ದವು; ಯಾರಿಗೆ ಏನಾಗಲಿದೆಯೆಂದು ಲೆಕ್ಕ ಹಾಕಿ ಕಂಪನಿ ಅದನ್ನು ಮಾರುತ್ತಿತ್ತು. ಮುಂದಾಗಲಿರುವ ಅವಘಡದ ಸುದ್ದಿ ಕೊಂಡವರು ವ್ಯಾಪಾರಕ್ಕೆ ಬರುವುದು ಊರಿಗೆಲ್ಲ ರೂಢಿಯಾಗಿತ್ತು. ಹೋದ ತಿಂಗಳು ಇದೇ ಮನುಷ್ಯ ಇದೇ ಕಾರ್ಖಾನೆಯ ಈರಪ್ಪನ ಬಲಗೈ ಅಳತೆ ತೆಗೆದಿದ್ದ. ಈರಪ್ಪ ಈಗ ಎಡಗೈಯಲ್ಲಿ ಉಣ್ಣುತ್ತಾನೆ.

ಅವಳು ಎದ್ದು ದೂರ ಸರಿದಳು. "ನಾ ಇದರ ಮುಂದ ಕೂಡಂಗಿಲ್ರಿ," ಎಂದು ಸೂಪರ್‌ವೈಸರನಿಗೆ ಹೇಳಿದಳು.

"ಆ ಸುದ್ದಿ ನಾವು ಕೊಂಡಿಲ್ಲ ಯವ್ವಾ. ನಮ್ಮ ಲೆಕ್ಕದಾಗ ಮಷಿನ್ ಚಲೋನ ಐತಿ," ಎಂದ ಆತ, ಪಕ್ಕದ ಮೇಜಿನ ಶಕೀಲಾಳನ್ನು ಕರೆದು ಅಲ್ಲಿ ಕೂರಿಸಿದ.

ಮಾರಾಟದವನು ಫೋನು ನೋಡಿಕೊಂಡು, ಟೇಪು ಹಿಡಿದು ಶಕೀಲಾಳತ್ತ ತಿರುಗಿದ. "ಹಂಗಾರ ಅಕ್ಕಾರ, ನಿಮ್ಮ ಬಲಗೈ..."

ತನ್ನ ಕೈ ಉಳಿಯಿತೆಂಬ ನಿರಾಳ ಸುಗಂಧಾಳಲ್ಲಿ ಗಳಿಗೆಯೂ ನಿಲ್ಲಲಿಲ್ಲ. ಓಡಿಹೋಗಿ ಶಕೀಲಾಳ ರಟ್ಟೆ ಹಿಡಿದು ಎಳೆದಳು, ಗೋಡೆಯ ಮೇಲಿನ ಸ್ವಿಚ್ಚು ಆರಿಸಿದಳು. ಪ್ರೆಸ್ಸು ನಿಂತಿತು. ಸೂಪರ್‌ವೈಸರ್ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಿದ. ಯಾರೂ ಏಳಲಿಲ್ಲ.

"ನೀವ ಕೂಡ್ರಿ, ಸಾಹೇಬ್ರ," ಎಂದಳು ಶಕೀಲಾ. ಆತ ಸ್ವಿಚ್ಚಿನ ಹತ್ತಿರವೂ ಸುಳಿಯಲಿಲ್ಲ.

ಮಾರಾಟದವನು ಮಾತ್ರ ಒಂದು ಸ್ಟೂಲು ಎಳೆದುಕೊಂಡು ಪ್ರೆಸ್ಸಿನ ಪಕ್ಕದಲ್ಲೇ ಕೂತ.

"ನನಗೇನ ಅವಸರಿಲ್ರಿ," ಎಂದ ಮೆತ್ತಗೆ. "ಯಾರರೆ ಒಬ್ರು ಬಂದು ಕೂತ ಕೂಡ್ತಾರ."